ಕ್ಲಾಸಿಕ್ 350: ಒಬ್ಬರೇ ಡಬಲ್ ಸ್ಟ್ಯಾಂಡ್ ಹಾಕುವುದು, ಇಳಿಸುವುದು ಹೇಗೆ?

ಹೊಸಸವಾರ ಕೇಳಿದ ಪ್ರಶ್ನೆ

ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹೊಸ ಜೆ ಸರಣಿಯದ್ದು, ತೂಕ 195 ಕೆಜಿ. ನನ್ನ ಎತ್ತರ 5 ಅಡಿ 3 ಇಂಚು, ತೂಕ 54 ಕೆಜಿ. ಸೈಡ್ ಸ್ಟ್ಯಾಂಡ್‌ಗೆ ತೊಂದರೆ ಇಲ್ಲ. ಡಬಲ್ ಸ್ಟ್ಯಾಂಡ್ ಮಾತ್ರ ಎಷ್ಟು ಎಳೆದರೂ ಏರುವುದಿಲ್ಲ. ಗಾಡಿ ಒಂದಿಂಚು ಎದ್ದಂತಾಗಿ ವಾಪಸ್ ಕೂರುತ್ತದೆ, ಬಲಗಡೆಗೆ ವಾಲುತ್ತದೇನೋ ಎಂಬ ಭಯ ಬೇರೆ. ನಿಲ್ಲಿಸುವ ಜಾಗ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ನುಣುಪು ನೆಲ. ಚೈನ್‌ಗೆ ಎಣ್ಣೆ ಹಾಕಲು ಪ್ರತಿ ಸಲ ವಾಚ್‌ಮನ್‌ನ ಕರೆಯಬೇಕಾಗಿದೆ. ಒಬ್ಬರೇ ಮಾಡುವ ಸರಿಯಾದ ವಿಧಾನ ಹೇಳಿ. ಇಳಿಸುವುದನ್ನೂ ಹೇಳಿ. ಮನೆಯಲ್ಲಿ ಒಂದು ಡ್ಯೂಕ್ 390 ಕೂಡ ಇದೆ, ಅದಕ್ಕೆ ಡಬಲ್ ಸ್ಟ್ಯಾಂಡೇ ಇಲ್ಲ. ಅದಕ್ಕೇನು ದಾರಿ?

ಗ್ರೀಸ್‌ಗನ್ ಉತ್ತರ

"ಎಷ್ಟು ಎಳೆದರೂ" ಅಂದಿರಲ್ಲ, ತಪ್ಪು ಅಲ್ಲೇ ಇದೆ. ಡಬಲ್ ಸ್ಟ್ಯಾಂಡ್ ಕೈಯಿಂದ ಎಳೆದು ಹಾಕುವುದಲ್ಲ, ಕಾಲಿನಿಂದ ತುಳಿದು ಹಾಕುವುದು. ಕೈಗೆ ಇರುವ ಕೆಲಸ ಗಾಡಿಯನ್ನು ನೆಟ್ಟಗೆ ಹಿಡಿಯುವುದು, ದಾರಿ ತೋರಿಸುವುದು, ಅಷ್ಟೇ. 54 ಕೆಜಿ ಧಾರಾಳ ಸಾಕು, ಆದರೆ ಆ 54 ಕೆಜಿಯೂ ಸ್ಟ್ಯಾಂಡಿನ ನಾಲಿಗೆಯ (ಕಾಲಿನಿಂದ ಒತ್ತಲು ಚಾಚಿರುವ ಕಂಬಿ) ಮೇಲೆ ಬೀಳಬೇಕು.

ಮೊದಲು ಸ್ಟ್ಯಾಂಡ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಮಡಚಿದಾಗ ಅದರ ಕಾಲುಗಳು ಹಿಂದಕ್ಕೆ ಚಾಚಿರುತ್ತವೆ. ನಾಲಿಗೆ ಒತ್ತಿದಾಗ ಪಾದಗಳು ನೆಲ ಮುಟ್ಟುತ್ತವೆ. ಅಲ್ಲಿಂದ ಮುಂದೆ ಗಾಡಿ ಆ ಪಾದಗಳ ಮೇಲೆ ಕಮಾನಿನ ಹಾಗೆ ಹಿಂದಕ್ಕೂ ಮೇಲಕ್ಕೂ ಉರುಳುತ್ತದೆ, ನೆತ್ತಿ ದಾಟಿ ಕೂದಲೆಳೆಯಷ್ಟು ಇಳಿದು ಕೂರುತ್ತದೆ. ನಿಮ್ಮ ಗಾಡಿ ಒಂದಿಂಚು ಎದ್ದು ವಾಪಸ್ ಬರುತ್ತಿರುವುದು ನೆತ್ತಿ ದಾಟುವ ಮೊದಲೇ ಬಿಡುತ್ತಿರುವುದರಿಂದ. ಹಿಂದಕ್ಕೆ ಉರುಳಲೇಬೇಕಾದ್ದರಿಂದ ಗೇರ್ ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಮುಟ್ಟಬೇಡಿ. ಎಷ್ಟೋ ಜನ ಗಾಬರಿಯಲ್ಲಿ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಒದ್ದಾಡುತ್ತಾರೆ. ಆಕ್ಟಿವಾ ಥರದ ಸ್ಕೂಟರಿನಲ್ಲಿ ಬ್ರೇಕ್ ಲಾಕ್ ಕ್ಲಿಪ್ ಹಾಕಿಟ್ಟು ಎತ್ತಲು ಹೋಗುವುದೂ ಇದೇ ಕಥೆ.

ಈಗ ಕೆಲಸ. ಶೂ ಹಾಕಿ. ಹವಾಯಿ ಚಪ್ಪಲಿಯಲ್ಲಿ ನಾಲಿಗೆ ಜಾರಿದರೆ ಮೊಣಕಾಲಿನ ಕೆಳಗಿನ ಮೂಳೆಗೇ ಬಡಿಯುತ್ತದೆ. ಸೈಡ್ ಸ್ಟ್ಯಾಂಡ್ ಇಳಿದೇ ಇರಲಿ. ಗಾಡಿಯ ಎಡಕ್ಕೆ ನಿಂತು ಹ್ಯಾಂಡಲ್ ನೇರ ಮಾಡಿ, ಎಡಗೈಯಲ್ಲಿ ಎಡ ಗ್ರಿಪ್ ಹಿಡಿಯಿರಿ. ಬಲಗೈ ಗ್ರ್ಯಾಬ್ ರೈಲ್‌ ಮೇಲೆ, ಅದಿಲ್ಲದಿದ್ದರೆ ಸೀಟಿನ ಕೆಳಗೆ ಸಿಗುವ ಗಟ್ಟಿ ಚೌಕಟ್ಟಿನ ಮೇಲೆ. ಸೀರೆ ಗಾರ್ಡ್ ಹಿಡಿಯಬೇಡಿ, ಅದು ಸಣ್ಣ ಬೋಲ್ಟಿನ ಮೇಲೆ ನಿಂತಿರುವ ತೆಳು ಸರಳು. ಇಂಡಿಕೇಟರ್, ಮಡ್‌ಗಾರ್ಡ್ ಅಂಚು ಕೂಡ ಬೇಡ.

ಬಲಗಾಲಿನಿಂದ ನಾಲಿಗೆಯನ್ನು ಹಗುರವಾಗಿ ಒತ್ತಿ ಪಾದಗಳನ್ನು ನೆಲಕ್ಕೆ ಮುಟ್ಟಿಸಿ. ಇಲ್ಲಿ ಅವಸರ ಬೇಡ. ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿರುವಾಗ ಎಡ ಪಾದ ಮೊದಲು ಮುಟ್ಟುತ್ತದೆ. ಗಾಡಿಯನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತಾ ಬಂದರೆ ಬಲ ಪಾದವೂ 'ಟಕ್' ಅಂತ ಊರುತ್ತದೆ, ಅದು ಅಂಗಾಲಿಗೇ ಗೊತ್ತಾಗುತ್ತದೆ. ಎರಡೂ ಊರಿದ ಮೇಲೆ ಹ್ಯಾಂಡಲನ್ನು ಎಡಬಲಕ್ಕೆ ಸ್ವಲ್ಪ ಅಲ್ಲಾಡಿಸಿ ನೋಡಿ. ಎರಡೂ ಕಡೆ ಸಮನಾದ ತಡೆ ಸಿಕ್ಕರೆ ಸರಿ. ನಿಮಗೆ ಬಲಕ್ಕೆ ಬೀಳುವ ಭಯ ಹುಟ್ಟಿಸುತ್ತಿರುವುದು ಒಂದೇ ಪಾದ ಊರಿದ್ದಾಗ ತುಳಿಯುವುದು.

ಆಮೇಲೆ ಬಲ ಮಂಡಿ ನೆಟ್ಟಗೆ ಮಾಡಿ, ಮೆಟ್ಟಿಲು ಹತ್ತುವ ಹಾಗೆ ನಾಲಿಗೆಯ ಮೇಲೆ ಎದ್ದು ನಿಂತುಬಿಡಿ. ಎಡಗಾಲು ನೆಲದಿಂದ ಬಿಡುವಷ್ಟು. ಬಲಗೈ ಆ ಹೊತ್ತಿಗೆ ಮೇಲಕ್ಕೂ ಹಿಂದಕ್ಕೂ ಸುಮ್ಮನೆ ಜೊತೆಗೊಡಲಿ. ಬೆನ್ನು ಬಗ್ಗಿಸಿ ಎಳೆಯುವವರು ಸೊಂಟ ಹಿಡಿಸಿಕೊಳ್ಳುತ್ತಾರೆ, ಗಾಡಿ ಏರುವುದೂ ಇಲ್ಲ. ಕಣ್ಣು ನಾಲಿಗೆಯ ಮೇಲಲ್ಲ, ಟ್ಯಾಂಕಿನ ಮೇಲಿರಲಿ. ಕೆಳಗೆ ನೋಡಿದರೆ ಮೈ ಬಾಗುತ್ತದೆ, ತೂಕ ನಾಲಿಗೆಯಿಂದ ಆಚೆ ಹೋಗುತ್ತದೆ.

ಇಳಿಸುವಾಗ: ನ್ಯೂಟ್ರಲ್, ಸೈಡ್ ಸ್ಟ್ಯಾಂಡ್ ಮೊದಲೇ ಇಳಿಸಿ, ಹ್ಯಾಂಡಲ್ ನೇರ. ಅದೇ ಎಡಗಡೆಯಲ್ಲಿ ನಿಂತು ಎರಡೂ ಕೈಯಿಂದ ಮುಂದಕ್ಕೆ ಒಂದು ದೃಢ ನೂಕು. ನೆತ್ತಿ ದಾಟಿದ ಕೂಡಲೇ ಗಾಡಿ ತಾನೇ ಇಳಿದು ಒಂದೆರಡು ಅಡಿ ಉರುಳುತ್ತದೆ, ಜೊತೆಗೇ ಹೆಜ್ಜೆ ಹಾಕಿ. ಮೈ ಗಾಡಿಗೆ ತಾಗಿಕೊಂಡೇ ಇರಲಿ, ವಾಲಿದರೆ ನಿಮ್ಮ ಕಡೆಗೇ ವಾಲಲಿ.

ಘಟ್ಟದ_ದಾರಿ ಉತ್ತರ

ಗ್ರೀಸ್‌ಗನ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಇಳಿಸುವ ಮೊದಲು ಸೈಡ್ ಸ್ಟ್ಯಾಂಡ್ ಹಾಕಿಡುವುದು ಒಳ್ಳೆಯದೇ, ಆದರೆ ಗಾಡಿ ಉರುಳುತ್ತಿರುವಾಗ ಅದರ ಮೇಲೆ ಭಾರ ಬಿಡಬಾರದು. ಸೈಡ್ ಸ್ಟ್ಯಾಂಡ್ ಹಿಂದಕ್ಕೆ ಮಡಚುವಂಥದ್ದು. ಗಾಡಿ ಮುಂದಕ್ಕೆ ಹೋಗುತ್ತಿರುವಾಗ ಪಾದ ನೆಲಕ್ಕೆ ಕಚ್ಚಿದರೆ ಸ್ಟ್ಯಾಂಡ್ ಮಡಚಿಕೊಂಡು ಗಾಡಿ ನಿಮ್ಮ ಮೇಲೇ ಬರುತ್ತದೆ. ಪೂರ್ತಿ ನಿಂತ ಮೇಲೆಯೇ ಎಡಕ್ಕೆ ವಾಲಿಸಿ. ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಮೂತಿ ಏರಿನ ಕಡೆಗಿರಬೇಕು, ಒಂದನೇ ಗೇರಿನಲ್ಲಿರಬೇಕು ಅನ್ನುವುದೂ ಇದೇ ಕಾರಣಕ್ಕೆ.

ಡಬಲ್ ಸ್ಟ್ಯಾಂಡಿಗೂ ಇಳಿಜಾರಿನ ಲೆಕ್ಕ ಇದೆ. ಮೂತಿ ಇಳಿಜಾರಿನ ಕಡೆಗಿದ್ದರೆ ಗಾಡಿಯನ್ನು ಏರಿನತ್ತ ಹಿಂದಕ್ಕೆ ಹತ್ತಿಸಬೇಕು. ಕಷ್ಟಪಟ್ಟು ಹತ್ತಿಸಿದರೂ ಯಾರಾದರೂ ಹಿಂದಿನಿಂದ ತಾಗಿದರೆ ಸಾಕು, ಮುಂದಕ್ಕೆ ಇಳಿದುಬಿಡುತ್ತದೆ. ನಿಮ್ಮ ನೆಲಮಾಳಿಗೆಯ ನೆಲವೂ ನೀರು ಹರಿಯಲೆಂದು ಮೋರಿಯ ಕಡೆಗೆ ತುಸು ಇಳಿಜಾರಾಗಿರಬಹುದು. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನೆಟ್ಟಗೆ ಹಿಡಿದು ಕೈ ಸಡಿಲಿಸಿದರೆ ಯಾವ ಕಡೆ ಉರುಳುತ್ತದೆ ಅಂತ ತಿಳಿಯುತ್ತದೆ. ಹಿಂದಕ್ಕೆ ಉರುಳುವ ಹಾಗೆ ತಿರುಗಿಸಿ ನಿಲ್ಲಿಸಿದರೆ ಅರ್ಧ ಕೆಲಸ ನೆಲವೇ ಮಾಡಿಕೊಡುತ್ತದೆ. ಇಳಿಸುವಾಗ ಮಾತ್ರ ನೂಕು ಸ್ವಲ್ಪ ಜಾಸ್ತಿ ಬೇಕು.

ನುಣುಪು ನೆಲದಲ್ಲಿ ಸ್ಟ್ಯಾಂಡಿನ ಪಾದ ಜಾರುತ್ತದೆ, ಕಮಾನು ಹುಟ್ಟುವುದೇ ಇಲ್ಲ. ಲಾರಿಯ ಹಳೇ ಟ್ಯೂಬಿನ ಎರಡು ತುಂಡು ಕತ್ತರಿಸಿ ಪಾದಗಳ ಕೆಳಗೆ ಹಾಸಿ. ದಪ್ಪ ರಬ್ಬರ್ ಮ್ಯಾಟ್ ಬೇಡ, ಪಾದ ಎಷ್ಟು ಮೇಲಾಗುತ್ತದೋ ಅಷ್ಟೇ ಹೆಚ್ಚು ಎತ್ತಬೇಕಾಗುತ್ತದೆ.

ಇದರ ಉಲ್ಟಾ ನಿಮಗೆ ಬೇಕಾದ ಉಪಾಯ. ಹಿಂದಿನ ಚಕ್ರದ ಕೆಳಗೆ ಹಲಗೆ. 12 ಎಂಎಂ ಪ್ಲೈವುಡ್, ಅಗಲ ಆರಿಂಚು, ಉದ್ದ ಒಂದೂವರೆ ಅಡಿ, ಚಕ್ರ ಹತ್ತುವ ಅಂಚನ್ನು ಉಜ್ಜಿ ಓರೆ ಮಾಡಿ. ಚಕ್ರವನ್ನು ಅದರ ಮೇಲೆ ಹತ್ತಿಸಿ, ಸ್ಟ್ಯಾಂಡಿನ ಪಾದ ನೆಲದ ಮೇಲೇ ಇರಲಿ. ಎತ್ತಬೇಕಾದ ಎತ್ತರದಲ್ಲಿ ಅಷ್ಟು ಕಡಿಮೆಯಾಯಿತು. ಹಲಗೆಯ ಹೆಚ್ಚಿನ ಭಾಗ ಚಕ್ರದ ಹಿಂದಕ್ಕಿರಲಿ, ಗಾಡಿ ಏರುವಾಗ ಹಿಂದಕ್ಕೆ ಹೋಗುತ್ತದೆ.

ಹಿಂದಿನ ಟೈರಿನ ಗಾಳಿಯನ್ನೂ ನೋಡಿ. ಗಾಳಿ ಇಳಿದಷ್ಟೂ ಗಾಡಿ ಕುಸಿದು ಕೂತಿರುತ್ತದೆ, ಎತ್ತುವ ಎತ್ತರ ಹೆಚ್ಚುತ್ತದೆ. ಟಾಪ್ ಬಾಕ್ಸ್, ಸೈಡ್ ಬ್ಯಾಗ್ ತುಂಬಿದ್ದರೂ ಅದೇ ಪರಿಣಾಮ. ಮೊದಲು ಇಳಿಸಿಟ್ಟು ಆಮೇಲೆ ಸ್ಟ್ಯಾಂಡ್ ಹಾಕಿ.

ನಟ್ಟುಬೋಲ್ಟು ಉತ್ತರ

ವಿಧಾನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಸ್ಟ್ಯಾಂಡೇ ಬಿಗಿದಿದ್ದರೆ ಯಾವ ವಿಧಾನವೂ ನಡೆಯುವುದಿಲ್ಲ. ಗಾಡಿ ಸೈಡ್ ಸ್ಟ್ಯಾಂಡಿನಲ್ಲಿರುವಾಗ ಡಬಲ್ ಸ್ಟ್ಯಾಂಡನ್ನು ಕಾಲಿನಿಂದ ಇಳಿಸಿ ಬಿಡಿ. ಸ್ಪ್ರಿಂಗ್ ಅದನ್ನು 'ಠಪ್' ಎಂದು ವಾಪಸ್ ಎಳೆಯಬೇಕು. ನಿಧಾನವಾಗಿ ತೆವಳಿದರೆ ತಿರುಗಣಿಯಲ್ಲಿ (ಸ್ಟ್ಯಾಂಡ್ ತಿರುಗುವ ಕೀಲು) ಮಣ್ಣು, ತುಕ್ಕು ಸೇರಿದೆ ಎಂದರ್ಥ. ಮಳೆಗಾಲ ಮುಗಿದ ಮೇಲೆ ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಇದು ಸಾಮಾನ್ಯ. ತಿರುಗಣಿ ಬೋಲ್ಟ್ ಬಿಚ್ಚಿ, ಬುಷ್ ಒರೆಸಿ, ಗ್ರೀಸ್ ತುಂಬಿ ಕೂರಿಸಬೇಕು. ಮೇಲಿಂದ ಎಣ್ಣೆ ಚಿಮುಕಿಸಿದರೆ ಎರಡು ದಿನ ಸರಿಯಾಗುತ್ತದೆ, ಆಮೇಲೆ ಧೂಳು ಹಿಡಿದು ಮೊದಲಿಗಿಂತ ಬಿಗಿಯುತ್ತದೆ.

ಬಿಚ್ಚಲು ಅಡ್ಡ ಬರುವುದು ಸ್ಪ್ರಿಂಗ್. ಅದನ್ನು ಕಟಿಂಗ್ ಪ್ಲೈಯರ್‌ನಲ್ಲಿ ಜಗ್ಗಬೇಡಿ, ಚಿಮ್ಮಿದರೆ ಮುಖಕ್ಕೆ. ಸ್ಟ್ಯಾಂಡನ್ನು ಅರ್ಧ ಇಳಿಸಿದಾಗ ಸ್ಪ್ರಿಂಗ್ ಅತಿ ಹೆಚ್ಚು ಹಿಗ್ಗುತ್ತದೆ. ಆಗ ಸುರುಳಿಗಳ ಸಂದಿಗೆ ಒಂದೊಂದಾಗಿ ನಾಣ್ಯ ಅಥವಾ ವಾಷರ್ ತೂರಿಸಿ, ಎರಡೂ ಪಕ್ಕದಿಂದ. ಸ್ಟ್ಯಾಂಡ್ ವಾಪಸ್ ಮಡಚಿದರೆ ಸ್ಪ್ರಿಂಗ್ ಕುಗ್ಗಲಾಗದೆ ಸಡಿಲವಾಗಿ ನಿಲ್ಲುತ್ತದೆ, ಬೆರಳಲ್ಲೇ ಕಳಚಬಹುದು. ನಾಣ್ಯ ಸಮೇತ ಹಾಗೇ ಎತ್ತಿಡಿ, ವಾಪಸ್ ಹಾಕಲೂ ಅದೇ ಬೇಕು. ಕಣ್ಣಿಗೆ ಕನ್ನಡಕ ಇರಲಿ.

ಪಾದ, ನಾಲಿಗೆ, ತಡೆಗಟ್ಟೆ (ಸ್ಟ್ಯಾಂಡ್ ಹೆಚ್ಚು ಮುಂದೆ ಹೋಗದಂತೆ ತಡೆಯುವ ಭಾಗ) ಈ ಮೂರನ್ನೂ ನೋಡಿ. ತಡೆಗಟ್ಟೆ ಸವೆದರೆ ಸ್ಟ್ಯಾಂಡ್ ನೆತ್ತಿ ದಾಟಿ ಬೇಕಾದ್ದಕ್ಕಿಂತ ಹೆಚ್ಚು ಮುಂದಕ್ಕೆ ಹೋಗಿ ಕೂರುತ್ತದೆ. ಹಾಕುವುದು ಸಲೀಸು, ಇಳಿಸುವಾಗ ಮಾತ್ರ ಗಾಡಿ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಪಾದ ಒಂದೇ ಕಡೆ ಸವೆದಿದ್ದರೆ ಗಾಡಿ ಆ ಕಡೆಗೆ ವಾಲಿ ನಿಲ್ಲುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಹಚ್ಚಿಸುವಾಗ ಎರಡೂ ಪಾದ ಅಳೆದು ಮೊದಲಿದ್ದ ಎತ್ತರಕ್ಕೇ ತನ್ನಿ. ಸ್ವಲ್ಪ ಹೆಚ್ಚು ಹಚ್ಚಿಬಿಡೋಣ ಅಂದರೆ ಅಷ್ಟೂ ಎತ್ತರವನ್ನು ಜೀವಮಾನವಿಡೀ ನೀವೇ ಎತ್ತಬೇಕು. ಬ್ಯಾಟರಿ ಬಿಚ್ಚದೆ ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸಬೇಡಿ. ಸ್ಟ್ಯಾಂಡ್ ಕಳಚಿಕೊಂಡು ಹೋಗುವುದೇ ಉತ್ತಮ.

ಡ್ಯೂಕ್‌ಗೆ ಪ್ಯಾಡಾಕ್ ಸ್ಟ್ಯಾಂಡ್ ಬೇಕು, ಅಂದರೆ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಪ್ರತ್ಯೇಕ ಸ್ಟ್ಯಾಂಡ್. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಎರಡೂ ಬದಿಯಲ್ಲಿ ಬಾಬಿನ್ (ಸ್ಟ್ಯಾಂಡಿನ ಕೊಕ್ಕೆ ಕೂರುವ ಉರುಳೆ) ಹಾಕಲು ತೂತು ಇರುತ್ತದೆ. ಬಾಬಿನ್ ಬೋಲ್ಟ್ 6, 8, 10 ಎಂಎಂ ಹೀಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ, ನಿಮ್ಮ ಮಾದರಿಗೆ ಯಾವುದು ಎಂದು ಖಚಿತಪಡಿಸಿಕೊಂಡೇ ಕೊಳ್ಳಿ. ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಬೇಕು. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಅಲ್ಯೂಮಿನಿಯಂ ತೂತಿನ ಥ್ರೆಡ್ ಹಾಳಾಗುತ್ತದೆ. ಬಾಬಿನ್ ಇಲ್ಲದೆ ಸ್ವಿಂಗ್ ಆರ್ಮ್‌ನ ಕೆಳಗೆ ಕೊಡುವ ಎಲ್ ಆಕಾರದ ಸ್ಟ್ಯಾಂಡೂ ಇದೆ. ಒಬ್ಬರೇ ಎತ್ತುವವರಿಗೆ ನಾನು ಅದನ್ನು ಹೇಳುವುದಿಲ್ಲ, ಓರೆಯಾದರೆ ಜಾರುತ್ತದೆ. ವಿ ಆಕಾರದ ಕೊಕ್ಕೆ ಬಾಬಿನ್‌ನ ಕಚ್ಚಿಕೊಳ್ಳುತ್ತದೆ.

ಇಲ್ಲಿ ಡಬಲ್ ಸ್ಟ್ಯಾಂಡಿನ ನಿಯಮ ತಲೆಕೆಳಗು. ಪ್ಯಾಡಾಕ್‌ಗೆ ತನ್ನದೇ ಗಾಲಿ ಇರುವುದರಿಂದ ಗಾಡಿ ಉರುಳಬೇಕಾಗಿಲ್ಲ. ಮುಂದಿನ ಬ್ರೇಕ್ ಲಿವರನ್ನು ವೆಲ್ಕ್ರೋ ಪಟ್ಟಿಯಿಂದ ಗ್ರಿಪ್‌ಗೆ ಬಿಗಿದು ಕಟ್ಟಿ. ಗಾಡಿಯ ಬಲಕ್ಕೆ ಒಂದೂವರೆ ಅಡಿ ದೂರದಲ್ಲಿ ಗೋಡೆ ಇದ್ದರೆ ಮೊದಮೊದಲು ಧೈರ್ಯ. ಸೈಡ್ ಸ್ಟ್ಯಾಂಡ್ ಇಳಿದಿರಲಿ. ಹಿಂದೆ ಎಡಕ್ಕೆ ನಿಂತು ಬಲಗೈಯಲ್ಲಿ ಪ್ಯಾಡಾಕ್ ತೂರಿಸಿ ಎಡ ಕೊಕ್ಕೆಯನ್ನು ಎಡ ಬಾಬಿನ್‌ಗೆ ಕೊಡಿ. ಎಡಗೈಯಲ್ಲಿ ಹಿಂದಿನ ಹಿಡಿ ಹಿಡಿದು ಗಾಡಿ ನೆಟ್ಟಗೆ ಮಾಡುತ್ತಾ ಬಲ ಕೊಕ್ಕೆಯನ್ನೂ ಕೂರಿಸಿ. ಎರಡೂ ಕಚ್ಚಿದ್ದನ್ನು ಬಗ್ಗಿ ಕಣ್ಣಾರೆ ನೋಡಿ, ಆಮೇಲೆ ಪ್ಯಾಡಾಕ್‌ನ ಹಿಡಿ ಕೆಳಗೊತ್ತಿ. ಮುಂದಿನ ಚಕ್ರದ ಪ್ಯಾಡಾಕ್ ಇದ್ದರೆ ಹಿಂದಿನದು ಏರಿದ ಮೇಲಷ್ಟೇ. ಇಳಿಸುವ ಮುನ್ನ ಸೈಡ್ ಸ್ಟ್ಯಾಂಡ್ ಇಳಿದಿದೆಯೇ ಎಂದು ಬಗ್ಗಿ ನೋಡಿ. ಇದನ್ನು ಮರೆತೇ ಹೆಚ್ಚಿನವರು ಗಾಡಿ ಬೀಳಿಸುವುದು.

ಹೊಸಸವಾರ

ಎಲ್ಲರಿಗೂ ಧನ್ಯವಾದ. ಎರಡು ಸಂದೇಹ. ಹಲಗೆ ಇಟ್ಟು ಸ್ಟ್ಯಾಂಡ್ ಹಾಕಿದ ಮೇಲೆ ಚಕ್ರ ಹಲಗೆಗೆ ತಾಗುತ್ತಿದ್ದರೆ? ಚೈನ್‌ಗೆ ಎಣ್ಣೆ ಹಾಕುವಾಗ ಒಂದನೇ ಗೇರಿನಲ್ಲಿ ಎಂಜಿನ್ ಓಡಿಸಿ ಚಕ್ರ ತಿರುಗಿಸಬಹುದೇ? ವಿಡಿಯೊಗಳಲ್ಲಿ ಹಾಗೆ ಮಾಡುತ್ತಾರೆ.

ಗ್ರೀಸ್‌ಗನ್

ಎಂಜಿನ್ ಓಡಿಸಿ ಮಾಡಲೇಬೇಡಿ. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಬಟ್ಟೆ ಸಿಕ್ಕಿದರೆ ಅದನ್ನು ಹಿಡಿದ ಬೆರಳೂ ಒಳಕ್ಕೆ ಹೋಗುತ್ತದೆ, ಕೈ ಬಿಡಲು ಸಮಯವೇ ಇರುವುದಿಲ್ಲ. ಕೀ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ. ಟೈರ್ ಹಿಡಿದು ತಿರುಗಿಸಿ, ಕಡ್ಡಿಗಳ ನಡುವೆ ಕೈ ಹಾಕಬೇಡಿ. ಎಣ್ಣೆಯನ್ನು ಚೈನಿನ ಕೆಳಗಿನ ಸಾಲಿಗೆ, ಒಳಮೈಗೆ ಬಿಡಿ. ಟೈರಿಗೆ ಬಿದ್ದರೆ ಒರೆಸಿಯೇ ಹೊರಡಿ.

ಘಟ್ಟದ_ದಾರಿ

ಹಲಗೆ ತಾಗುತ್ತಿದ್ದರೆ ಹಿಂದಿನಿಂದ ಎಳೆದು ತೆಗೆಯಿರಿ. ಬರದಿದ್ದರೆ ಟೈರನ್ನು ಗಾಡಿ ಮುಂದಕ್ಕೆ ಓಡುವಾಗ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ, ಹಲಗೆ ತಾನೇ ಹಿಂದಕ್ಕೆ ಈಚೆ ಬರುತ್ತದೆ. ಅಷ್ಟಕ್ಕೂ ಗಟ್ಟಿಯಾಗಿ ಸಿಕ್ಕಿಕೊಂಡರೆ ಸ್ಟ್ಯಾಂಡಿನ ಪಾದ ಸವೆದಿದೆ ಅಥವಾ ಹಲಗೆ ದಪ್ಪ ಜಾಸ್ತಿ. 12 ಬದಲು 9 ಎಂಎಂ ಹಾಕಿ ನೋಡಿ. ಇಳಿಸುವಾಗ ಹಲಗೆ ಅಲ್ಲಿರಬಾರದು, ಚಕ್ರ ಅದರ ಅಂಚಿನ ಮೇಲೆ ಇಳಿದರೆ ಗಾಡಿ ತಟ್ಟನೆ ಓರೆಯಾಗುತ್ತದೆ.