ಸುಡಾನ್‌ನ ಹಸಿವು: ಕೊರತೆ ಇರೋದು ಹಣದ್ದಾ, ದಾರಿಯದ್ದಾ?

ಪಡುವಣಗಾಳಿ ಕೇಳಿದ್ದು:

ಸುಡಾನ್ ಸುದ್ದಿ ಓದುತ್ತಾ ಇದ್ದೇನೆ, ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ. ವಿಶ್ವಸಂಸ್ಥೆ ಹಣ ಸಾಲದು ಅನ್ನುತ್ತದೆ. 2025ಕ್ಕೆ 420 ಕೋಟಿ ಡಾಲರ್ ಕೇಳಿದ್ದರು, ಅರ್ಧವೂ ಬರಲಿಲ್ಲ. ಅದೇ ಹೊತ್ತಿಗೆ ಲಾರಿಗಳು ಗಡಿಯಲ್ಲಿ ನಿಂತಿವೆ, ಪರ್ಮಿಟ್ ಸಿಕ್ಕಿಲ್ಲ, ದಾರಿಯಲ್ಲಿ ಸುಟ್ಟುಹಾಕಿದರು ಅಂತಲೂ ಓದುತ್ತೇವೆ. ಕೈಯಲ್ಲಿರುವ ಆಹಾರವನ್ನೇ ತಲುಪಿಸೋಕೆ ಆಗದಿದ್ದರೆ ಇನ್ನಷ್ಟು ಹಣ ತಗೊಂಡು ಏನು ಮಾಡುತ್ತಾರೆ? ಕೊಂಕು ಮಾತಲ್ಲ, ನಿಜವಾಗಿ ತಿಳ್ಕೊಳ್ಳೋಣ ಅಂತ ಕೇಳುತ್ತಿದ್ದೇನೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಗೋದಾಮು_ಕೀಲಿ:

ಮೊದಲು ಮ್ಯಾಪ್ ತೆಗೆದು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಡಗಿನಲ್ಲಿ ಬಂದ ಧಾನ್ಯ ಇಳಿಯೋದು ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್‌ನಲ್ಲಿ. ಅದು ದೇಶದ ಪೂರ್ವದ ತುದಿ. ಹಸಿವು ಅತಿ ಕೆಟ್ಟದಾಗಿರೋದು ಪಶ್ಚಿಮದ ಡಾರ್ಫರ್‌ನಲ್ಲಿ, ದಕ್ಷಿಣದ ಕೊರ್ಡೊಫಾನ್‌ನಲ್ಲಿ. ನಡುವೆ ಇರೋದು ಯುದ್ಧ. 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಅನ್ನೋ ಅರೆಸೇನೆಗೂ ಶುರುವಾದ ಜಗಳ ಇನ್ನೂ ನಿಂತಿಲ್ಲ. ಒಂದು ಲಾರಿ ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕಾದರೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಸೇನೆಯೇ ನಡೆಸುವ ಸರ್ಕಾರದ ಕಡೆ ಪರ್ಮಿಟ್ ಕೊಡೋಕೆ ಒಂದು ಆಯೋಗ, ಆರ್‌ಎಸ್‌ಎಫ್ ಕಡೆ ಅದಕ್ಕೆ ಜೋಡಿಯಾಗಿ ಅವರದ್ದೇ ಇನ್ನೊಂದು ಏಜೆನ್ಸಿ. ಒಬ್ಬರು ಸೀಲು ಹಾಕಿದ ಕಾಗದ ಇನ್ನೊಬ್ಬರಿಗೆ ಕಾಗದವೇ ಅಲ್ಲ.

ಹಾಗಾದರೆ ಪಶ್ಚಿಮದಿಂದಲೇ ಒಳಗೆ ಹೋಗಬಹುದಲ್ವಾ? ಹೋಗಬಹುದು. ಚಾಡ್ ದೇಶದ ಗಡಿಯಲ್ಲಿ ಅದ್ರೇ ಅನ್ನೋ ಊರಿದೆ, ಡಾರ್ಫರ್‌ಗೆ ಅದೇ ಹತ್ತಿರದ ಬಾಗಿಲು. ಆ ಗಡಿ ಸೇನೆಯ ಕೈಯಲ್ಲೇ ಇರಲಿಲ್ಲ, ಆದರೂ ಆರ್‌ಎಸ್‌ಎಫ್‌ಗೆ ಆಯುಧ ಹೋಗೋದು ಅಲ್ಲಿಂದಲೇ ಅಂತ 2024ರ ಫೆಬ್ರುವರಿಯಲ್ಲಿ ಸರ್ಕಾರ ಆ ದಾರಿಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು. ವಿಶ್ವಸಂಸ್ಥೆ ಮಾನ್ಯ ಮಾಡಿದ ಸರ್ಕಾರ ಅದೇ ಆಗಿರೋದರಿಂದ ಅದರ ಮಾತು ಮೀರೋದು ವಿಶ್ವಸಂಸ್ಥೆಯ ಲಾರಿಗಳಿಗೆ ಕಷ್ಟ. ಮತ್ತೆ ಬಿಟ್ಟಿದ್ದು ಆಗಸ್ಟ್‌ನಲ್ಲಿ, ಅದೂ ಮೂರು ತಿಂಗಳ ಮಟ್ಟಿಗೆ, ಆಮೇಲೆ ಅವಧಿ ಎಳೆಯುತ್ತಾ ಬಂದರು. ಅಲ್ಲಿ ಜೂನ್‌ನಿಂದ ಮಳೆಗಾಲ. ಒಣಗಿದ ಹಳ್ಳಗಳು ತುಂಬಿ ಹರಿಯುತ್ತವೆ, ಲಾರಿ ಕೆಸರಲ್ಲಿ ಹೂತು ವಾರಗಟ್ಟಲೆ ನಿಲ್ಲುತ್ತದೆ. ಪಶ್ಚಿಮ ಡಾರ್ಫರ್‌ನ ಮೋರ್ನಿ ಸೇತುವೆ ಕೂಡ ಅದೇ ಮಳೆಯಲ್ಲಿ ಕುಸಿದುಬಿತ್ತು. ಅಂದರೆ ನೆಲ ಒಣಗಿದ್ದಾಗ ಬಾಗಿಲು ಮುಚ್ಚಿತ್ತು, ಬಾಗಿಲು ತೆರೆದಾಗ ನೆಲ ನೀರಾಗಿತ್ತು. ಡಾರ್ಫರ್‌ನ ಜಮ್ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಅಂತ ತಜ್ಞರ ಸಮಿತಿ ಹೇಳಿದ್ದೂ ಅದೇ ಆಗಸ್ಟ್‌ನಲ್ಲಿ.

ಇನ್ನು ಸುಟ್ಟ ಲಾರಿಗಳ ವಿಷಯ. 2025ರ ಜೂನ್‌ನಲ್ಲಿ 15 ಲಾರಿಗಳ ಸಾಲು ಪೋರ್ಟ್ ಸುಡಾನ್‌ನಿಂದ ಹೊರಟು ಸುಮಾರು 1,800 ಕಿ.ಮೀ. ದಾಟಿ ಬಂದಿತ್ತು. ಉತ್ತರ ಡಾರ್ಫರ್‌ನ ರಾಜಧಾನಿ ಎಲ್ ಫಾಶರ್ ಇನ್ನು 80 ಕಿ.ಮೀ. ಇದೆ ಅನ್ನುವಾಗ ಅಲ್ ಕೂಮಾ ಹತ್ತಿರ ದಾಳಿ ಆಯಿತು. 5 ಜನ ಸತ್ತರು. ಎರಡೂ ಕಡೆಯವರಿಗೆ ದಾರಿ ಮೊದಲೇ ತಿಳಿಸಿದ್ದರು, ಒಪ್ಪಿಗೆಗಾಗಿ ಅಲ್ಲೇ ಕಾಯುತ್ತಾ ನಿಂತಿದ್ದರು.

ಖರ್ಚುವೆಚ್ಚ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಇದನ್ನೇ ಓದಿ 'ದಾರಿ ಇಲ್ಲ, ಹಾಗಾಗಿ ಹಣ ಬೇಡ' ಅಂತ ತೀರ್ಮಾನ ಮಾಡಬೇಡಿ. ದೊಡ್ಡ ದೇಶಗಳಿಗೆ ಈ ವಾದ ಬಹಳ ಇಷ್ಟ, ಜೇಬಿಗೆ ಕೈ ಹಾಕೋದು ತಪ್ಪುತ್ತದಲ್ಲ.

ದಾರಿ ಉದ್ದ ಆದಷ್ಟೂ ಹಣ ಜಾಸ್ತಿ ಬೇಕು, ಕಡಿಮೆ ಅಲ್ಲ. ಇಂದು ದೇಣಿಗೆ ಘೋಷಣೆ ಮಾಡಿದರೆ ನಾಳೆ ತಟ್ಟೆಗೆ ಅನ್ನ ಬೀಳೋದಿಲ್ಲ. ಧಾನ್ಯ ಕೊಳ್ಳಬೇಕು, ಹಡಗಿಗೆ ಹಾಕಬೇಕು, ಬಂದರಿನಲ್ಲಿ ಇಳಿಸಬೇಕು, ಲಾರಿ ಹಿಡಿಯಬೇಕು. ಇದಕ್ಕೇ ತಿಂಗಳುಗಳು ಬೇಕು. ಹಾಗಾಗಿ ಮಳೆಗಾಲಕ್ಕೆ ಮುಂಚೆ ಗೋದಾಮು ತುಂಬಿರಬೇಕಾದರೆ ಹಣ ಹಿಂದಿನ ವರ್ಷದ ಕೊನೆಗೇ ಕೈಗೆ ಬಂದಿರಬೇಕು. ಬರೋದು ಮಾತ್ರ ಟಿವಿಯಲ್ಲಿ ಬಡಕಲಾದ ಮಕ್ಕಳನ್ನು ತೋರಿಸಿದ ಮೇಲೆ. ಆಗ ಉಳಿಯೋದು ವಿಮಾನದಿಂದ ಮೂಟೆ ಬೀಳಿಸುವ ದಾರಿ, ಅದು ಲಾರಿಗಿಂತ ಹಲವು ಪಟ್ಟು ದುಬಾರಿ.

420 ಕೋಟಿ ಡಾಲರ್ ಕೇಳೋಕೆ ದೊಡ್ಡದು. ಅದು ಸುಮಾರು 2.1 ಕೋಟಿ ಜನಕ್ಕೆ ಇಡೀ ವರ್ಷದ ಲೆಕ್ಕ. ಭಾಗಿಸಿ ನೋಡಿ, ತಲೆಗೆ ವರ್ಷಕ್ಕೆ 200 ಡಾಲರ್. ಊಟ, ಔಷಧಿ, ನೀರು, ಟಾರ್ಪಾಲು, ಸಾಗಣೆ ಎಲ್ಲ ಸೇರಿ. ಅದರಲ್ಲೂ ಅರ್ಧಕ್ಕಿಂತ ಕಡಿಮೆ ಬಂದರೆ ಏನು ಮಾಡುತ್ತಾರೆ? ರೇಷನ್ ಅರ್ಧ ಮಾಡುತ್ತಾರೆ. ಇಲ್ಲವೇ 'ತೀರಾ ಹಸಿದವರು' ಮತ್ತು 'ಹಸಿದವರು' ಅಂತ ಪಟ್ಟಿ ಬೇರೆ ಮಾಡಿ ಎರಡನೆಯವರನ್ನು ಬಿಡುತ್ತಾರೆ. ಬಿಟ್ಟವರು ಕೆಲವು ತಿಂಗಳಲ್ಲಿ ಮೊದಲ ಪಟ್ಟಿಗೆ ಬರುತ್ತಾರೆ.

ಇನ್ನೊಂದು ತಲೆನೋವು, ಷರತ್ತಿನ ಹಣ. ಇದು ಮಕ್ಕಳಿಗೆ ಮಾತ್ರ, ಇದು ಆ ಪ್ರಾಂತ್ಯಕ್ಕೆ ಮಾತ್ರ ಅಂತ ಕೊಡೋರು ಬರೆದುಕೊಟ್ಟಿರುತ್ತಾರೆ. ಆ ಪ್ರಾಂತ್ಯದ ದಾರಿ ಮುಚ್ಚಿದರೆ ಹಣ ಅಲ್ಲೇ ಕೂರುತ್ತದೆ. ಪಕ್ಕದ ಪ್ರಾಂತ್ಯದ ದಾರಿ ತೆರೆದಿದ್ದರೂ ಅಲ್ಲಿಗೆ ತಿರುಗಿಸಬೇಕಾದರೆ ಮತ್ತೆ ಅನುಮತಿ. ನೀವು ಕೇಳಿದ 'ಇರೋದನ್ನೇ ತಲುಪಿಸೋಕೆ ಆಗಲ್ಲ' ಅನ್ನೋದರಲ್ಲಿ ಇದರ ಪಾಲೂ ಇದೆ.

ಸುಮ್ನೆ_ಓದುವವ:

ಎಲ್ಲ ಚೆನ್ನಾಗಿ ಬರೆದಿದ್ದೀರಿ. ಆದರೆ ಕಡೆಗೆ ಆ ಮೂಟೆಗಳು ಬಂದೂಕು ಹಿಡಿದವರ ಮನೆಗೇ ಹೋಗೋದಲ್ವಾ? ನೆರವು ಕೊಟ್ಟು ಯುದ್ಧವನ್ನೇ ಸಾಕಿದ ಹಾಗೆ.

ಖರ್ಚುವೆಚ್ಚ:

ಕಳವು ಆಗುತ್ತದೆ, ಇಲ್ಲ ಅನ್ನಲ್ಲ. 2023ರ ಕೊನೆಯಲ್ಲಿ ಗೆಜಿರಾ ಪ್ರಾಂತ್ಯದ ವಾದ್ ಮದನಿ ನಗರ ಆರ್‌ಎಸ್‌ಎಫ್ ಕೈಗೆ ಬಿದ್ದಾಗ ವಿಶ್ವ ಆಹಾರ ಕಾರ್ಯಕ್ರಮದ ಗೋದಾಮು ಲೂಟಿ ಆಯಿತು. ಆದರೆ ಈ ಯುದ್ಧ ನಡೆಯುತ್ತಿರೋದು ಜೋಳದ ಮೂಟೆಯಿಂದಲ್ಲ, ಚಿನ್ನದಿಂದ, ಹೊರಗಿಂದ ಬರುವ ಆಯುಧದಿಂದ. ನೆರವು ನಿಲ್ಲಿಸಿದರೆ ಕಮಾಂಡರ್ ಉಪವಾಸ ಬೀಳಲ್ಲ.

ಹೊಗೆಗೂಡು:

ಇಷ್ಟೂ ಹೊತ್ತು ಲಾರಿ ಬಗ್ಗೆಯೇ ಮಾತಾಡಿದಿರಿ. ನಿಜವಾಗಿ ಊಟ ಹಾಕುತ್ತಿರೋರು ಯಾರು ಅಂತ ಯಾರೂ ಹೇಳಲಿಲ್ಲ.

ಯುದ್ಧ ಶುರುವಾದ ಕೂಡಲೇ ಖಾರ್ಟೂಮ್‌ನ ಓಣಿಗಳಲ್ಲಿ ಹುಡುಗ ಹುಡುಗಿಯರು ಸೇರಿ 'ತುರ್ತು ಸ್ಪಂದನೆ ಕೊಠಡಿ' ಅಂತ ಕಟ್ಟಿಕೊಂಡರು. ಇವರಲ್ಲಿ ಬಹಳ ಜನ ಹಿಂದೆ ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದಿದ್ದ ಓಣಿ ಸಮಿತಿಗಳವರು. ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾರ ಮಗು ಕಾಯಿಲೆ ಬಿದ್ದಿದೆ ಅನ್ನೋದು ಇವರಿಗೆ ಮೊದಲೇ ಗೊತ್ತು. ತಕಾಯಾ ಅಂತ ಕರೆಯುವ ಸಾಮೂಹಿಕ ಅಡುಗೆಮನೆಗಳಲ್ಲಿ ದೊಡ್ಡ ಹಂಡೆಯಲ್ಲಿ ಬೇಳೆ, ಫೂಲ್ ಅನ್ನೋ ಕಾಳು, ಜೋಳದ ಹಿಟ್ಟಿನ ಅಸೀದಾ ಬೇಯಿಸಿ ಹಂಚುತ್ತಾರೆ. ಇವರಿಗೆ ಲಾರಿ ಬೇಡ, ಬೇಕಾಗಿರೋದು ಹಣ. ಯಾಕೆಂದರೆ ವಿಶ್ವಸಂಸ್ಥೆಯ ಲಾರಿ ಹೋಗದ ಕಡೆಗೂ ಊರಿನ ವ್ಯಾಪಾರಿ ಪ್ರತಿ ಚೆಕ್‌ಪೋಸ್ಟಿಗೂ ಇಷ್ಟು ಅಂತ ಕೊಟ್ಟು ಹೇಗೋ ಸರಕು ತರುತ್ತಾನೆ. ದುಬಾರಿ, ಆದರೆ ಸಿಗುತ್ತದೆ. ಹಣ ಬರೋದು ಬಂಕಕ್ ಅನ್ನೋ ಬ್ಯಾಂಕ್ ಆ್ಯಪ್‌ನಲ್ಲಿ. 2024ರ ಫೆಬ್ರುವರಿಯಲ್ಲಿ ದೇಶದ ಬಹುಪಾಲು ಕಡೆ ನೆಟ್ ನಿಂತಾಗ ಆ್ಯಪ್ ನಿಂತಿತು, ಆ್ಯಪ್ ನಿಂತಾಗ ಒಲೆಗಳೂ ಆರಿದವು. ಹಸಿವಿಗೆ ಮೊಬೈಲ್ ಟವರ್ ಕೂಡ ಕಾರಣ ಆಗಬಹುದು ಅಂತ ಯಾರು ಅಂದುಕೊಳ್ಳುತ್ತಾರೆ!

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿಗೆ ತಡೆ ಹಾಕಿತು. ಕೆಲವೇ ವಾರಗಳಲ್ಲಿ 1,100ಕ್ಕೂ ಹೆಚ್ಚು ಅಡುಗೆಮನೆ ಮುಚ್ಚಿದವು. ದಾರಿ ಬದಲಾಗಿರಲಿಲ್ಲ, ಪರ್ಮಿಟ್ ಬದಲಾಗಿರಲಿಲ್ಲ, ಹಣ ಒಂದೇ ನಿಂತಿದ್ದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಇವರಿಗೆ 2025ರಲ್ಲಿ 'ಪರ್ಯಾಯ ನೊಬೆಲ್' ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಒಳ್ಳೆಯದೇ. ಆದರೆ ಎರಡೂ ಕಡೆಯ ಸೈನಿಕರು ಇವರನ್ನು ಹಿಡಿದು ಒಳಗೆ ಹಾಕಿದ್ದಾರೆ, ಕೊಂದಿದ್ದಾರೆ. ದೊಡ್ಡ ದಾನಿಗಳು ಇವರ ಕೈಗೆ ನೇರವಾಗಿ ಕೊಡೋದೂ ಕಡಿಮೆ. ರಸೀದಿ ಬೇಕು, ನೋಂದಣಿ ಬೇಕು, ಆಡಿಟ್ ಬೇಕು ಅನ್ನುತ್ತಾರೆ. ಬಾಂಬು ಬೀಳುವ ಸಂತೆಯಲ್ಲಿ ಬೇಳೆ ಕೊಂಡವರು ಜಿಎಸ್‌ಟಿ ಬಿಲ್ ಎಲ್ಲಿಂದ ತರಬೇಕೋ.

ಪಡುವಣಗಾಳಿ:

ಅಡುಗೆಮನೆಗಳ ವಿಷಯ ನನಗೆ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಎಲ್ಲ ಹಣವನ್ನೂ ಇವರಿಗೇ ಕೊಟ್ಟರೆ ಆಗಲ್ವಾ?

ಗೋದಾಮು_ಕೀಲಿ:

ಆಗಲ್ಲ. ಎಲ್ ಫಾಶರ್ ನೋಡಿ. 2024ರ ಮೇಯಿಂದ ಆರ್‌ಎಸ್‌ಎಫ್ ಮುತ್ತಿಗೆ ಹಾಕಿತ್ತು, ಊರ ಸುತ್ತ ಮಣ್ಣಿನ ಗೋಡೆಯನ್ನೇ ಎಬ್ಬಿಸಿದರು. ಅಲ್ಲಿ ಅಡುಗೆಮನೆಗಳೂ ಇದ್ದವು, ಆ್ಯಪ್‌ನಲ್ಲಿ ಹಣವೂ ಬರುತ್ತಿತ್ತು. ಕೊಳ್ಳೋಕೆ ಸಂತೆಯಲ್ಲಿ ಏನೂ ಉಳಿಯಲಿಲ್ಲ. ಕೊನೆಗೆ ಜನ ದನಕ್ಕೆ ಹಾಕುವ ಕಡಲೆಕಾಯಿ ಹಿಂಡಿ ತಿಂದರು, ಅಂಬಾಜ್ ಅನ್ನುತ್ತಾರೆ ಅದನ್ನು, ಅದೂ ಮುಗಿಯಿತು. ಮುತ್ತಿಗೆ ನಿಲ್ಲಿಸಿ ಅಂತ ಭದ್ರತಾ ಮಂಡಳಿ 2024ರ ಜೂನ್‌ನಲ್ಲೇ ನಿರ್ಣಯ ಮಾಡಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2025ರ ಅಕ್ಟೋಬರ್ 26ಕ್ಕೆ ಊರು ಬಿತ್ತು. ಅಲ್ಲಿ ಕ್ಷಾಮ ಇದೆ ಅಂತ ಅಧಿಕೃತವಾಗಿ ಹೇಳಿದ್ದು ಅದಾದ ಮೇಲೆ. ಅಂಥ ಕಡೆ ಹಣವೂ ಸೋಲುತ್ತದೆ, ಲಾರಿಯೂ ಸೋಲುತ್ತದೆ. ಆಯುಧ ಕೊಡುವ ದೇಶಗಳನ್ನು ಹಿಡಿದು ಕೇಳೋರು ಬೇಕು.

ತೀರಾ ಬಡಕಲಾದ ಮಕ್ಕಳ ವಿಷಯವೂ ಬೇರೆ. ಅವರಿಗೆ ಬೇಳೆ ಸಾರು ಸಾಲದು, ಕಡಲೆಕಾಯಿಯಿಂದ ಮಾಡಿದ ಚಿಕಿತ್ಸೆಯ ಪೇಸ್ಟ್ ಪೊಟ್ಟಣ ಬೇಕು. ಸುಡಾನ್‌ನಲ್ಲಿ ಕಡಲೆಕಾಯಿಗೇನೂ ಬರ ಇಲ್ಲ. ಆದರೆ ಆ ಪೇಸ್ಟ್ ತಯಾರಿಸುತ್ತಿದ್ದ ಖಾರ್ಟೂಮ್‌ನ ಕಾರ್ಖಾನೆ 2023ರ ಮೇನಲ್ಲೇ ಸುಟ್ಟುಹೋಯಿತು. ಈಗ ಹೊರಗಿಂದ ತರಿಸಬೇಕು, ಅದಕ್ಕೆ ಹಡಗು, ಗೋದಾಮು, ನರ್ಸು ಎಲ್ಲ ಬೇಕು. ಓಣಿ ಹುಡುಗರ ಕೈಲಿ ಆಗೋ ಕೆಲಸ ಅಲ್ಲ ಇದು.

ಹೊಗೆಗೂಡು:

ಒಪ್ಪಿದೆ. ಆದರೆ ಈಗ ಅವರಿಗೆ ಸಿಗುತ್ತಿರೋದು ಒಟ್ಟು ಹಣದಲ್ಲಿ ಚೂರು. ನನ್ನ ತಕರಾರು ಅಷ್ಟೇ. ನೀವೇ ಕೊಡೋದಾದರೆ, ಯಾವ ಸಂಸ್ಥೆಯಾದರೂ ಸರಿ, ಎರಡು ಪ್ರಶ್ನೆ ಕೇಳಿ: ಹಣದಲ್ಲಿ ಎಷ್ಟು ಪಾಲು ಅಲ್ಲಿನ ಗುಂಪುಗಳ ಕೈಗೆ ಹೋಗುತ್ತದೆ, ದಾರಿ ಮುಚ್ಚಿದಾಗ ಅದನ್ನು ಬೇರೆ ಕಡೆಗೆ ತಿರುಗಿಸುವ ಅಧಿಕಾರ ನಿಮಗಿದೆಯಾ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.