ಬಸವನಗುಡಿಯಲ್ಲಿ ಹಳೇ ಮನೆ ತಗೊಳ್ಳಬಹುದಾ?

ಪ್ರಶ್ನೆ: ಗಾಂಧಿ ಬಜಾರ್ ಹತ್ತಿರ ಒಂದು ಹಳೇ ಮನೆ ಮಾರಾಟಕ್ಕಿದೆ. ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ), ಕೆಂಪು ನೆಲ, ಮುಂದೆ ಜಗಲಿ. ಮಾರುವವರು ಅಣ್ಣತಮ್ಮ ಇಬ್ಬರು. ಒಡೆಯದೆ ಹಾಗೇ ಇಟ್ಟುಕೊಂಡು ಇರಬೇಕು ಅಂತ ಆಸೆ. ಏನೇನು ನೋಡಬೇಕು?

ಉತ್ತರ: ಮೊದಲು ವಂಶವೃಕ್ಷ ಕೇಳಿ. ಪಿತ್ರಾರ್ಜಿತ ಆಸ್ತಿಯಾದರೆ ಅಕ್ಕತಂಗಿಯರಿಗೂ ಪಾಲಿದೆ ಅಲ್ವಾ, ಅವರೂ ಸಹಿ ಹಾಕುತ್ತಾರೆ ಅಂತ ಖಾತ್ರಿಯಾಗದೆ ಅಡ್ವಾನ್ಸ್ ಕೊಡಲೇಬೇಡಿ. 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ಮಾರಾಟಗಳ ನೋಂದಣಿ ವಿವರ ತೋರಿಸುವ ಪ್ರಮಾಣಪತ್ರ), ಖಾತಾ ವಕೀಲರಿಗೆ ತೋರಿಸಿ.

ಉತ್ತರ: ತಾರಸಿಯ ಮರದ ತೊಲೆಗಳು ಗೋಡೆಯೊಳಗೆ ಹೋಗುವ ಜಾಗ ನೋಡಿ ಸಾರ್. ತೇವ, ಗೆದ್ದಲು ಜಾಸ್ತಿ ಸೇರುವುದು ಅಲ್ಲೇ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ಸಲೀಸಾಗಿ ಒಳಗಿಳಿದರೆ ಮರ ಹಾಳಾಗಿದೆ ಅಂತ ಅರ್ಥ. ಸುಣ್ಣದ ಗಾರೆ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ, ತೇವ ಒಳಗೇ ಉಳಿಯುತ್ತದೆ.

ಉತ್ತರ: 1898ರ ಪ್ಲೇಗ್ ಕಾಲದಲ್ಲಿ ಗಾಳಿ ಬೆಳಕು ಬೇಕು ಅಂತಲೇ ಮಾಡಿದ ಬಡಾವಣೆ ಇದು. ಇಂಥ ಮನೆಗಳು ಒಂದೊಂದೇ ಅಪಾರ್ಟ್‌ಮೆಂಟ್ ಆಗುತ್ತಿವೆ. ಕಾಗದಪತ್ರ ಸರಿಯಿದ್ದರೆ ದಯವಿಟ್ಟು ತಗೊಳ್ಳಿ.