ಅಂತ್ಯಕ್ರಿಯೆಯ ಕೆಲಸಕ್ಕೆ ತಮ್ಮನನ್ನು ಕಳಿಸಬಹುದಾ?

ಪ್ರಶ್ನೆ: ಅಣ್ಣ, ನನ್ನ ತಮ್ಮ ಪಿಯುಸಿ ಮುಗಿಸಿದ್ದಾನೆ. ಬೆಂಗಳೂರಲ್ಲಿ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವವರ ಹತ್ತಿರ ಸೇರುತ್ತೇನೆ ಅಂತಾನೆ. ಇದಕ್ಕೆ ಕೋರ್ಸ್ ಏನಾದ್ರೂ ಬೇಕಾ? ಕೆಲಸ ಏನಿರುತ್ತೆ?

ಉತ್ತರ: ಕೋರ್ಸ್ ಮಾಡಿಯೇ ಬರಬೇಕು ಅಂತೇನಿಲ್ಲಮ್ಮ. ನಾನು ಶವವಾಹನ ಓಡಿಸುತ್ತಿದ್ದವನು, ಹಿರಿಯರೊಬ್ಬರ ಜೊತೆ ನಿಂತು ಕಲಿತೆ. ರಾತ್ರಿ ಎರಡಕ್ಕೆ ಫೋನ್ ಬಂದರೂ ಹೊರಡಬೇಕು. ಫ್ರೀಜರ್ ಬಾಕ್ಸ್, ಚಟ್ಟಕ್ಕೆ ಬಿದಿರು, ಮಡಕೆ, ಹೂವು, ಪುರೋಹಿತರು, ವಿದ್ಯುತ್ ಚಿತಾಗಾರದಲ್ಲಿ ಸಮಯ, ಎಲ್ಲಾ ನಮ್ಮ ತಲೆ ಮೇಲೆ. ಆದರೆ ಮೊದಲು ಕಲಿಯಬೇಕಾದ್ದು ಇದಲ್ಲ. ಹೋದ ತಕ್ಷಣ ಕಣ್ಣು ಮುಚ್ಚಿಸಿ, ಗದ್ದದ ಕೆಳಗಿಂದ ನೆತ್ತಿಯ ಮೇಲೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ ಕಟ್ಟಬೇಕು. ಎರಡು ಮೂರು ಗಂಟೆಯಲ್ಲೇ ದವಡೆ ಬಿಗಿಯಲು ಶುರುವಾಗುತ್ತೆ, ಸುಮಾರು 12 ಗಂಟೆಗೆ ಇಡೀ ಮೈ ಸೆಟೆದುಕೊಳ್ಳುತ್ತೆ. ತಡ ಮಾಡಿದರೆ ಬಾಯಿ ತೆರೆದೇ ಉಳಿಯುತ್ತೆ, ಮಕ್ಕಳು ಕೊನೆಯ ಸಲ ನೋಡುವ ಮುಖ ಅದು.

ಒಮ್ಮೆ ಲಿಂಗಾಯತರ ಮನೆಗೆ ಹೋಗಿದ್ದೆ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ನಾನು ಕೇಳದೆ ಅಜ್ಜನನ್ನು ಮಲಗಿಸಿ ಫ್ರೀಜರ್‌ಗೆ ಇಟ್ಟುಬಿಟ್ಟೆ. ಬೆಳಿಗ್ಗೆ ಮಂಡಿ ಮಡಚಲೇ ಇಲ್ಲ. ಇಬ್ಬರು ಕೂತು ಮೆಲ್ಲಗೆ ತಿಕ್ಕಿದೆವು, ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಲೇ ಇದ್ದರು. ಅವತ್ತಿಂದ ಮನೆಗೆ ಕಾಲಿಟ್ಟ ಕೂಡಲೇ ನಿಮ್ಮಲ್ಲಿ ಪದ್ಧತಿ ಹೇಗೆ ಅಂತ ಕೇಳುತ್ತೇನೆ.

ಪ್ರಶ್ನೆ: ಕಾಗದಪತ್ರವೂ ನಿಮ್ಮದೇನಾ?

ಉತ್ತರ: ಮನೆಯವರು ಆ ಸ್ಥಿತಿಯಲ್ಲಿ ಇರಲ್ಲ, ನಾವೇ ನೆನಪಿಸಬೇಕು. ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್ ನೋಡದೆ ಗಾಡಿಗೆ ಹತ್ತಿಸಬಾರದು. 1969ರ ಕಾಯ್ದೆ ಪ್ರಕಾರ 21 ದಿನದೊಳಗೆ ಸಾವು ನೋಂದಣಿಗೆ ತಿಳಿಸಬೇಕು. ಅಪಘಾತ, ಆತ್ಮಹತ್ಯೆ ಅಂದರೆ ಪೊಲೀಸರು ಬರುವ ತನಕ ಮುಟ್ಟುವಂತಿಲ್ಲ. ಎದೆಯಲ್ಲಿ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಸರಿಯಾಗಿಡುವ ಚಿಕ್ಕ ಯಂತ್ರ, ಇದೆಯಾ ಅಂತ ಕೇಳಲೇಬೇಕು, ಬೆಂಕಿಯಲ್ಲಿ ಸಿಡಿಯುತ್ತೆ. ಮೊದಲೇ ಆಸ್ಪತ್ರೆಯಲ್ಲಿ ತೆಗೆಸಬೇಕು. ವಿಮಾನದಲ್ಲಿ ಕಳಿಸುವುದಾದರೆ ಎಂಬಾಮಿಂಗ್, ಅಂದರೆ ದೇಹ ಕೆಡದಂತೆ ಔಷಧಿ ತುಂಬುವುದು, ಆಗಬೇಕು, ಅದನ್ನು ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಮಾಡಿಸುತ್ತೇವೆ.

ಪ್ರಶ್ನೆ: ಅಮ್ಮ ಮೈಲಿಗೆ ಕೆಲಸ ಅಂತ ಅಳುತ್ತಾರೆ ಅಣ್ಣ. ನಾಳೆ ಅವನಿಗೆ ಯಾರು ಹೆಣ್ಣು ಕೊಡುತ್ತಾರೆ ಅಂತ.

ಉತ್ತರ: ಆ ಮಾತು ಬರುತ್ತೆ, ಸುಳ್ಳು ಹೇಳಲ್ಲ. 2021ರ ಏಪ್ರಿಲ್-ಮೇನಲ್ಲಿ, ಕೋವಿಡ್ ಸಮಯದಲ್ಲಿ, ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು ನಿಂತಿದ್ದು ಅಮ್ಮನಿಗೆ ನೆನಪಿರಬಹುದು. ಹೆತ್ತ ಮಕ್ಕಳೇ ದೂರ ನಿಲ್ಲಬೇಕಾಗಿತ್ತು. ಆಗ ಹೆಗಲು ಕೊಟ್ಟವರು ಇದೇ ಹುಡುಗರು ಅಂತ ಅಮ್ಮನಿಗೆ ಹೇಳಮ್ಮ. ತಮ್ಮ ಒಂದು ತಿಂಗಳು ಸುಮ್ನೆ ಗಾಡಿ ಜೊತೆ ಓಡಾಡಲಿ. ಎತ್ತೋದು, ತೊಳೆಯೋದು ಅಭ್ಯಾಸ ಆಗುತ್ತೆ. ಚಿಕ್ಕ ಮಗುವನ್ನು ತಾಯಿಯ ತೋಳಿಂದ ಇಸ್ಕೊಳ್ಳೋ ದಿನ ಬರುತ್ತೆ, ಅದನ್ನು ನೋಡಿ ಆಮೇಲೆ ತೀರ್ಮಾನ ಮಾಡಲಿ. ನನಗೆ ಇವತ್ತಿಗೂ ಆಗ ಕೈ ನಡುಗುತ್ತೆ.